ವಿಕಿಪೀಡಿಯ ಸಭೆ ಎಲ್ಲಿ? ಬಸ್ ಚಾರ್ಜ್ ಯಾರದು?

(ರಾಯದುರ್ಗ, ಮಡಕಶಿರಾ ಭಾಗದ ಯುವಕ ಯುವತಿಯರ ಮುಂದೆ ಆಡಿದ ಮಾತು)

ಕನ್ನಡದ ಬಗ್ಗೆ ಭಾಷಣ ಮಾಡೋಕೆ ನನಗಿಂತ ಬಲ್ಲವರು ಇಲ್ಲಿದ್ದಾರೆ. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರೋನು, ಲೆಕ್ಕದ ಮಾತಷ್ಟೇ ಆಡ್ತೀನಿ. ಕನ್ನಡ ವಿಕಿಪೀಡಿಯದಲ್ಲಿ ನಮ್ಮೂರಿನ ಬಗ್ಗೆ ಬರೀಬೇಕು ಅಂತ ನಿಮ್ಮಲ್ಲಿ ಬಹಳ ಜನಕ್ಕೆ ಆಸೆ ಇದೆ. ಆದರೆ ಕಲಿಯೋಕೆ ಎಲ್ಲಿ ಸೇರೋದು? ಹೋಗಿಬರೋ ಖರ್ಚು ಯಾರದು? ಇವತ್ತು ಈ ಎರಡೇ ಪ್ರಶ್ನೆ.

ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ. ಅಲ್ಲಿ ಬರೆಯೋರು ಸ್ವಯಂಸೇವಕರು, ಬರೆದಿದ್ದಕ್ಕೆ ಸಂಬಳ ಇಲ್ಲ. ಒಟ್ಟಿಗೆ ಕೂತು ಬರೆಯೋ ಕಾರ್ಯಕ್ರಮಕ್ಕೆ ಸಂಪಾದನೋತ್ಸವ ಅಂತಾರೆ. 13ನೇ ವರ್ಷದ ಆಚರಣೆಯನ್ನ 2016ರ ಫೆಬ್ರವರಿಯಲ್ಲಿ ಮಂಗಳೂರಿನಲ್ಲಿ ಮಾಡಿದರು. ಅದೇ ವರ್ಷ ಆಗಸ್ಟಿನಲ್ಲಿ ತುಳು ವಿಕಿಪೀಡಿಯ ಹೊರಗೆ ಬಂತು. ಇವತ್ತು ಕರಾವಳಿಯವರಿಗೆ ತಮ್ಮದೇ ಒಂದು ವಿಕಿಮೀಡಿಯ ಗುಂಪಿದೆ. ಒಂದು ಸಭೆಯಿಂದ ಇದೆಲ್ಲ ಆಯ್ತು ಅಂತ ನಾನು ಹೇಳ್ತಿಲ್ಲ, ಅದರ ಹಿಂದೆ ವರ್ಷಗಟ್ಟಲೆ ಕೆಲಸ ಇದೆ. ಆದರೆ ಹತ್ತಿರದಲ್ಲಿ ಕೂತು ಕಲಿಯೋ ಜಾಗ ಇದ್ದ ಕಡೆ ಕೆಲಸ ಬೇರು ಬಿಡುತ್ತೆ.

"ಅಣ್ಣಾ, ಇದೆಲ್ಲ ಆನ್‌ಲೈನಲ್ಲೇ ಆಗಲ್ವಾ?" ಅಂತ ಕೇಳಬಹುದು. ನಮ್ಮ ಕಡೆ ಎಷ್ಟೋ ಜನಕ್ಕೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಮಾತು ಸರಾಗ, ಆದರೆ ಒತ್ತಕ್ಷರ ಟೈಪ್ ಮಾಡುವಾಗ ಬೆರಳು ನಿಲ್ಲುತ್ತೆ. ಪಕ್ಕದಲ್ಲಿ ಒಬ್ಬರು ಕೂತು ತೋರಿಸಿದರೆ ಒಂದು ಮಧ್ಯಾಹ್ನದಲ್ಲಿ ಆ ಭಯ ಹೋಗುತ್ತೆ. ಮೊದಲ ಒಂದೆರಡು ಸಲವಾದರೂ ಮುಖಾಮುಖಿ ಸೇರಲೇಬೇಕು.

ಸೇರೋದು ಎಲ್ಲಿ? 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಹಳೇ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಬಂದವು, ಬಳ್ಳಾರಿ ಮೈಸೂರಿಗೆ ಹೋಯ್ತು. ಆದರೂ ರಾಯದುರ್ಗದವರಿಗೆ ಹತ್ತಿರದ ದಾರಿ ಇವತ್ತಿಗೂ ಬಳ್ಳಾರಿ, ಮೊಳಕಾಲ್ಮೂರು. ಮಡಕಶಿರಾದವರು ಹೊರಡೋದು ಹಿಂದೂಪುರ, ಶಿರಾ, ಪಾವಗಡದ ಕಡೆ. ಎರಡೂ ಊರುಗಳ ನಡುವೆ ನೂರು ಕಿಲೋಮೀಟರಿಗೂ ಹೆಚ್ಚು. 2022ರ ಏಪ್ರಿಲ್ 4ರಿಂದ ಜಿಲ್ಲೆಯೂ ಬೇರೆ ಆಯ್ತು, ಮಡಕಶಿರಾ ಈಗ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಹೀಗಿರುವಾಗ ಅನಂತಪುರದಲ್ಲಿ ಎಲ್ಲರಿಗೂ ಸೇರಿ ಒಂದೇ ಸಭೆ ಮಾಡಿದರೆ ಅದು ಇಬ್ಬರಿಗೂ ದೂರ.

ಹೆಣ್ಣುಮಕ್ಕಳ ಟಿಕೆಟ್ ಲೆಕ್ಕ ಬೇರೆಯೇ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಆದರೆ ಅದು ಕರ್ನಾಟಕದ ವಿಳಾಸ ಇರೋರಿಗೆ. ಆಂಧ್ರದಲ್ಲಿ 2025ರ ಆಗಸ್ಟ್ 15ರಿಂದ ಸ್ತ್ರೀ ಶಕ್ತಿ ಬಂತು, ಅದು ರಾಜ್ಯದ ಒಳಗೆ ಓಡೋ ಪಲ್ಲೆವೆಲುಗು, ಎಕ್ಸ್‌ಪ್ರೆಸ್‌ನಂಥ ಬಸ್ಸುಗಳಿಗೆ. ರಾಯದುರ್ಗದ ಒಬ್ಬ ತಂಗಿ ಕಲ್ಯಾಣದುರ್ಗಕ್ಕೆ ಪುಕ್ಕಟೆ ಹೋಗಬಹುದು. ಹತ್ತಿರದ ಮೊಳಕಾಲ್ಮೂರಿಗೆ ಹೋದರೆ ಟಿಕೆಟ್ ತಗೋಬೇಕು, ಅಲ್ಲಿಂದ ಮುಂದೆ ಕರ್ನಾಟಕದ ಬಸ್ ಹತ್ತಿದರೂ ಆಕೆಯ ಆಧಾರ್ ಕಾರ್ಡ್ ನಡೆಯಲ್ಲ. ಜಾಗ ಆರಿಸುವಾಗ ಇದನ್ನ ನೆನಪಿಡಬೇಕು.

ಈಗ ಲೆಕ್ಕ. ಉದಾಹರಣೆಗೆ, ದೂರದ ಸಭೆಗೆ ಹೋಗಿಬರೋ ಬಸ್ಸಿಗೆ 200, ಊಟ ಚಹಾಕ್ಕೆ 100 ಅಂತ ಇಟ್ಕೊಳ್ಳಿ. 300 ಆಯ್ತು. 2025-26ಕ್ಕೆ ಉದ್ಯೋಗ ಖಾತರಿ ಕೂಲಿ ಆಂಧ್ರದಲ್ಲಿ ದಿನಕ್ಕೆ 307 ರೂಪಾಯಿ ಅಂತ ನಿಗದಿಯಾಗಿತ್ತು. ಅಂದರೆ ಸಭೆಯ ಖರ್ಚು ಒಂದು ದಿನದ ಕೂಲಿ. ಆ ದಿನ ಕೆಲಸಕ್ಕೆ ಹೋಗದೇ ಇದ್ದಿದ್ದಕ್ಕೆ ಇನ್ನೊಂದು ದಿನದ ಕೂಲಿ. ರಾಯದುರ್ಗದಲ್ಲಿ ಗಾರ್ಮೆಂಟ್ಸ್‌ಗೆ ಹೋಗೋ ಹುಡುಗಿಗೆ, ಮಡಕಶಿರಾದಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಬೇಕಾದ ಹುಡುಗನಿಗೆ ಇದು ಸಣ್ಣ ಮೊತ್ತ ಅಲ್ಲ. ನಮ್ಮ ಪೋಸ್ಟರಿನಲ್ಲಿ ಮಾತ್ರ "ಉಚಿತ ತರಬೇತಿ" ಅಂತ ಇರುತ್ತೆ.

ಸಂಘಗಳ ಖರ್ಚಿನ ಪಟ್ಟಿ ನೋಡಿ. ಹಾಲ್ ಬಾಡಿಗೆ, ಬ್ಯಾನರ್, ಶಾಲು, ಹಾರ, ತಿಂಡಿ ಇರುತ್ತೆ. ಬಂದವರ ಬಸ್ ಚಾರ್ಜ್ ಇರಲ್ಲ. ಖರ್ಚು ಆಗಿಲ್ಲ ಅಂತಲ್ಲ, ಅದು ಬಂದವರ ಜೇಬಿನಿಂದ ಹೋಗಿದೆ, ನಮ್ಮ ಪುಸ್ತಕಕ್ಕೆ ಬಂದಿಲ್ಲ ಅಷ್ಟೆ. "ಆಮೇಲೆ ಕೊಡ್ತೀವಿ, ಟಿಕೆಟ್ ಇಟ್ಕೊಳ್ಳಿ" ಅಂದ್ರೂ ಸಾಲದು. ಮೊದಲು ಕೈಯಿಂದ ಹಾಕೋಕೆ ದುಡ್ಡು ಇರೋರಷ್ಟೇ ಬರ್ತಾರೆ. ಇಲ್ಲದವರು ಸುಮ್ಮನೆ ಮನೆಯಲ್ಲೇ ಉಳೀತಾರೆ, ಕಾರಣ ಬಾಯಿಬಿಟ್ಟು ಹೇಳಲ್ಲ. ನಾವು ಅವರಿಗೆ ಭಾಷಾಭಿಮಾನ ಇಲ್ಲ ಅಂತೀವಿ. ಗೆಳೆಯರೇ, ಎಷ್ಟೋ ಸಲ ಕಡಿಮೆ ಇರೋದು ಅಭಿಮಾನ ಅಲ್ಲ, ಬಸ್ ಚಾರ್ಜು.

ಆದ್ದರಿಂದ ನನ್ನ ಸಲಹೆ ನಾಲ್ಕು.

ಒಂದು, ಎರಡು ಕಡೆ ಸೇರೋಣ. ರಾಯದುರ್ಗದಲ್ಲಿ ಒಂದು, ಮಡಕಶಿರಾದಲ್ಲಿ ಒಂದು. ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ಹತ್ತಿರದ ಶಾಲೆಯೋ ಗ್ರಂಥಾಲಯವೋ ಸಾಕು. ಡಿ. ಹಿರೇಹಾಳು, ರೊಳ್ಳ, ಅಗಳಿ ಕಡೆಯವರ ಕೊನೇ ಬಸ್ ನೋಡಿ ಸಮಯ ಇಡೋಣ.

ಎರಡು, ಕಲಿಯೋರು ಓಡಾಡೋ ಬದಲು ಕಲಿಸೋರು ಬರಲಿ. 20 ಜನಕ್ಕೆ ತಲಾ 300 ಅಂದ್ರೆ 6,000. ಒಬ್ಬ ಕಲಿಸೋರಿಗೆ ಬೆಂಗಳೂರಿನಿಂದ ಬಸ್ಸು, ಊಟ, ಒಂದು ರಾತ್ರಿ ಉಳಿಯೋಕೆ 2,000 ಅಂತ ಹಿಡಿದರೂ 4,000 ಉಳೀತು.

ಮೂರು, ಬಸ್ ಚಾರ್ಜ್ ಮುಂಗಡ ಕೊಡೋಣ. ಹಿಂದಿನ ಸಂಜೆಯೇ ಫೋನ್‌ಪೇ ಮಾಡೋದು, ಸಾಮಾನ್ಯ ಬಸ್ಸಿನ ದರ ಮಾತ್ರ. ಟಿಕೆಟ್ ಫೋಟೋ ಕಳಿಸಿದರೆ ಲೆಕ್ಕ ಮುಗೀತು. ಷೇರ್ ಆಟೋದಲ್ಲಿ ಟಿಕೆಟ್ ಕೊಡಲ್ಲ, ಅದಕ್ಕೆ ಒಂದು ವೋಚರ್ ಬರೆದು ಸಹಿ ಹಾಕಲಿ. ಎಲ್ಲರಿಗೂ ಕೊಡೋಣ, ಬೇಡ ಅನ್ನೋರು ವಾಪಸ್ ಮಾಡಲಿ. ಯಾರೂ ಕೈ ಎತ್ತಿ ಕೇಳುವ ಹಾಗೆ ಆಗಬಾರದು.

ನಾಲ್ಕು, ದುಡ್ಡು ಒಬ್ಬರ ಕೈಯಲ್ಲಿ ಬೇಡ. ಇಬ್ಬರ ಜಂಟಿ ಖಾತೆ, ಇಬ್ಬರ ಸಹಿ. ಪ್ರತಿ ಸಭೆಯ ಲೆಕ್ಕ ಒಂದು ಹಾಳೆಯಲ್ಲಿ ಬರೆದು ಗುಂಪಿಗೆ ಹಾಕೋಣ. ಮುಂದೆ ವಿಕಿಮೀಡಿಯ ಫೌಂಡೇಶನ್ನಿನ ಸಣ್ಣ ಅನುದಾನಕ್ಕೆ ಅರ್ಜಿ ಹಾಕಬಹುದು. ಅದರಲ್ಲಿ ಪ್ರಯಾಣದ ಖರ್ಚನ್ನೂ ತೋರಿಸಬಹುದು. ಆಗ ಈ ಹಾಳೆಗಳೇ ನಮ್ಮ ಸಾಕ್ಷಿ. ಆದರೆ ಅದು ಬರೋವರೆಗೆ ಕಾಯೋದು ಬೇಡ. ಬ್ಯಾನರು, ಶಾಲು, ಹಾರ ಬಿಟ್ಟರೆ ಮೊದಲ ಸಭೆಯ ಬಸ್ ಚಾರ್ಜಿಗೆ ಒಂದು ಪಾಲು ಅಲ್ಲೇ ಸಿಗುತ್ತೆ.

ಬರೆಯೋಕೆ ವಿಷಯಕ್ಕೇನು ಬರ ಇಲ್ಲ. ಅಮರಾಪುರ ಮಂಡಲದ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು, ನೊಳಂಬರ ರಾಜಧಾನಿ. ಅಲ್ಲಿನ ಒಂದೊಂದು ಕಂಬದ ಫೋಟೋ ತೆಗೆಯೋಕೆ ಬೆಂಗಳೂರಿನವರು ಒಂದು ದಿನ ಕಳೀಬೇಕು. ಅಮರಾಪುರದ ಹುಡುಗನಿಗೆ ಒಂದು ಸೈಕಲ್ ಸಾಕು.

ಕೊನೆಗೆ ಒಂದು ಕೆಲಸ. ಮುಂದಿನ ಸಾಲಿನಿಂದ ಒಂದು ಹಾಳೆ ಹಿಂದಕ್ಕೆ ಬರ್ತಾ ಇದೆ. ನಿಮ್ಮ ಊರು, ಇಲ್ಲಿಗೆ ಬರೋಕೆ ಎಷ್ಟು ಖರ್ಚಾಯ್ತು, ಊರಿಗೆ ಕೊನೇ ಬಸ್ ಎಷ್ಟು ಗಂಟೆಗೆ, ಇಷ್ಟು ಬರೀರಿ. ಹೆಸರು ಬೇಡ. ಮುಂದಿನ ಸಭೆ ಎಲ್ಲಿ, ಎಷ್ಟು ಹೊತ್ತಿಗೆ ಅನ್ನೋದನ್ನ ಆ ಹಾಳೆ ನೋಡಿ ನಿರ್ಧರಿಸೋಣ.