ಕುದಿನೀರಿನ ಪಕ್ಕದಲ್ಲಿ ಚಳಿ



ತುಕ್ಕಾನಟ್ಟಿಯ ಸೀಮೆಯಲ್ಲಿ ಬೆಲ್ಲದ ಗಾಣವನ್ನು ಕಂಡವರಿಗೆ ಇಂದಿನ ವಿಷಯದ ಅರ್ಧಭಾಗ ಆಗಲೇ ತಿಳಿದಿದೆ. ಕಬ್ಬಿನ ಸಿಪ್ಪೆಯ ಉರಿ ಕೊಪ್ಪರಿಗೆಯ ಅಡಿಯಲ್ಲೇ ಕೆಲಸ ಮಾಡಬೇಕು; ಅದನ್ನು ಗೋಕಾಕ ಸಂತೆಗೆ ಹೊತ್ತು ಮಾರಲಾಗದು. 1887ರಲ್ಲಿ ಘಟಪ್ರಭೆಯ ನೀರಿನ ಬಲ ದುಡಿಯತೊಡಗಿದಾಗಲೂ ಗಿರಣಿಯೇ ಜಲಪಾತದ ಬಳಿಗೆ ಬಂದಿತ್ತು. ಭೂಶಾಖದ ಅರ್ಥಶಾಸ್ತ್ರವೂ ಇಂಥದೇ.

ಲಡಾಖಿನ ಪೂಗಾ ಕಣಿವೆ ಸುಮಾರು 4,400 ಮೀಟರ್ ಎತ್ತರದಲ್ಲಿದೆ. ಚಳಿಗಾಲದ ಉಷ್ಣತೆ ಸೊನ್ನೆಗಿಂತ ಬಹಳ ಕೆಳಗೆ ಇಳಿಯುವ ಅಲ್ಲಿ ನೆಲದಿಂದ ಕುದಿನೀರು ಉಕ್ಕುತ್ತದೆ. ಅಲೆಮಾರಿ ಚಾಂಗ್ಪಾ ಕುರಿಗಾಹಿಗಳ ಮಕ್ಕಳಿಗಾಗಿ ವಸತಿಶಾಲೆಯೂ ಅಲ್ಲಿದೆ. 1970ರ ದಶಕದಿಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಮೂವತ್ತಕ್ಕೂ ಹೆಚ್ಚು ಬಾವಿಗಳನ್ನು ಕೊರೆಯಿತು. ಯಾವುದೂ 400 ಮೀಟರ್ ಆಳ ಮುಟ್ಟಲಿಲ್ಲ. ಆ ಬಿಸಿಯಿಂದ ಹಸಿರುಮನೆ ಬೆಚ್ಚಗಿಡುವ, ಬೋರಾಕ್ಸ್ ಶುದ್ಧಗೊಳಿಸುವ ಪ್ರಯೋಗಗಳೂ ನಡೆದವು. ಸುತ್ತಲಿನ ಹತ್ತು ಹಳ್ಳಿಗಳಿಗೆ ಒಂದು ಮೆಗಾವ್ಯಾಟ್ ವಿದ್ಯುತ್ ಒದಗಿಸುವ ಒಪ್ಪಂದಕ್ಕೆ ಓಎನ್‌ಜಿಸಿ ಸಹಿ ಹಾಕಿದ್ದು 2021ರ ಫೆಬ್ರುವರಿಯಲ್ಲಿ.

ಇಷ್ಟು ತಡವೇಕೆ? ಡೀಸೆಲ್ ಯಂತ್ರ ಅಗ್ಗ. ಹಿಮದ ದಾರಿಯಲ್ಲಿ ಏರಿಸಿದ ಡೀಸೆಲ್ ದುಬಾರಿ. ಭೂಶಾಖದಲ್ಲಿ ಲೆಕ್ಕ ತಿರುಗುಮುರುಗು. ಉರುವಲಿಗೆ ಬೆಲೆಯಿಲ್ಲ, ಆದರೆ ಬಾವಿಯ ಹಣವೆಲ್ಲ ಮೊದಲೇ ಸುರಿಯಬೇಕು. ಕೊಳವೆಬಾವಿ ಕೊರೆಸಿ ಬರೀ ಧೂಳು ಕಂಡ ರೈತನಿಗೆ ಈ ಅಂಜಿಕೆಯನ್ನು ವಿವರಿಸಬೇಕಿಲ್ಲ. ನೂರು ಮನೆಗಳ ಊರು ಈ ಜೂಜನ್ನು ಆಡಲಾರದು. ಅದನ್ನು ಸರ್ಕಾರವೇ ಹೊರಬೇಕು.

ಚಳಿಯಿಂದ ಒಂದು ಲಾಭವೂ ಉಂಟು. ಅಲಾಸ್ಕಾದ ಚೀನಾ ಬಿಸಿನೀರ ಬುಗ್ಗೆಯಲ್ಲಿ 2006ರಿಂದ ಕೇವಲ 74 ಡಿಗ್ರಿಯ ನೀರಿನಿಂದ ವಿದ್ಯುತ್ ತೆಗೆಯಲಾಯಿತು. ಬೇಗ ಕುದಿಯುವ ಬೇರೊಂದು ದ್ರವವನ್ನು ಆ ನೀರು ಆವಿಯಾಗಿಸುತ್ತದೆ. ಆವಿಯನ್ನು ಮತ್ತೆ ದ್ರವವಾಗಿಸಲು ತಣ್ಣೀರು ಬೇಕು, ಅದು ಅಲ್ಲಿ ಧಾರಾಳ. ಬಿಸಿಗೂ ತಂಪಿಗೂ ಅಂತರ ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚು. ಡೀಸೆಲ್ ಕಾಲದ ದರಕ್ಕಿಂತ ಅಲ್ಲಿನ ಯೂನಿಟ್ ಬಹಳ ಅಗ್ಗವಾಯಿತು.

ಆದರೂ ಇಂಥ ನೀರಿನ ಶಾಖದಲ್ಲಿ ವಿದ್ಯುತ್ತಾಗುವುದು ಹತ್ತರಲ್ಲಿ ಒಂದು ಪಾಲು ಮಾತ್ರ. ಚಳಿಯೂರಿಗೆ ಮೊದಲು ಬೇಕಾದುದು ಬೆಚ್ಚನೆಯ ಕೋಣೆ. ಶಾಖವನ್ನು ವಿದ್ಯುತ್ತಾಗಿಸಿ, ಆ ವಿದ್ಯುತ್ತಿನಿಂದ ಮತ್ತೆ ಕೋಣೆ ಕಾಯಿಸುವುದು ತುಪ್ಪ ಮಾರಿ ಎಣ್ಣೆ ಕೊಂಡಂತೆ. ಐಸ್‌ಲ್ಯಾಂಡಿನ ರೇಕ್ಯಾವಿಕ್ ನಗರ 1930ರಿಂದಲೇ ಬಿಸಿನೀರನ್ನು ನೇರವಾಗಿ ಕಟ್ಟಡಗಳಿಗೆ ಹರಿಸಿತು.

2022ರಲ್ಲಿ ಪೂಗಾದ ಕೊರೆತದ ವೇಳೆ ಭೂಗರ್ಭದ ನೀರು ಹೊರಚಿಮ್ಮಿ ಹಳ್ಳ ಸೇರಿತು, ಕೆಲಸ ನಿಂತಿತು. ಕುರಿಗಳು ಕುಡಿಯುವ ನೀರು ಅದು. ಬಳಸಿದ ನೀರನ್ನು ಮರಳಿ ನೆಲಕ್ಕಿಳಿಸುವ ಎರಡನೆಯ ಬಾವಿಯ ಖರ್ಚನ್ನೂ, ಶಾಲೆಯ ಕೋಣೆಗಳವರೆಗಿನ ಕೊಳವೆಯ ಖರ್ಚನ್ನೂ ಮೊದಲ ಅಂದಾಜುಪಟ್ಟಿಯಲ್ಲೇ ಬರೆಯಿರೆಂದು ಕೇಳುವ ಹಕ್ಕು ಆ ಕುರಿಗಾಹಿಗಳದು.