ಮಾಗಿಯ ಬಿಸಿಲಲ್ಲಿ ಒಂದು ಮೊರ ಅವರೆಕಾಯಿ

ಧನುರ್ಮಾಸದ ಒಂದು ಭಾನುವಾರ. ದೇವಸ್ಥಾನದ ಹುಗ್ಗಿಯ ಪ್ರಸಾದವೆಲ್ಲ ಮುಗಿದು, ಎಳೆಬಿಸಿಲು ಜಗುಲಿಯನ್ನು ಮುಟ್ಟುವ ಹೊತ್ತಿಗೆ ನಾವು ಮೂವರು ಸ್ನೇಹಿತರು ನಮ್ಮ ಮನೆಯ ಮುಂದೆ ಸೇರಿದ್ದೆವು. ಒಬ್ಬರು ಪೋಸ್ಟ್‌ಮಾಸ್ಟರಾಗಿದ್ದು ನಿವೃತ್ತರಾದ ರಾಯರು; ಮತ್ತೊಬ್ಬರು ಜವಳಿ ಅಂಗಡಿಯ ಶೆಟ್ಟರು; ಮೂರನೆಯವನು ನಾನು. ನಡುವೆ ಒಂದು ಮೊರ, ಮೊರದ ತುಂಬ ಇಬ್ಬನಿಯಲ್ಲಿ ನೆಂದ ಸೊಗಡವರೆ. ನಮ್ಮ ಮನೆಯವರು ಅದನ್ನು ತಂದಿಟ್ಟು, "ಬಾಯಿಗಂತೂ ಕೆಲಸವಿದೆ, ಕೈಗೂ ಇರಲಿ" ಎಂದು ಹೇಳಿ ಒಳಕ್ಕೆ ಹೋದರು.

ಕಾಯಿ ಸುಲಿಯುತ್ತ ಶೆಟ್ಟರು ಮಾತು ತೆಗೆದರು: "ಏನು ಮೇಷ್ಟ್ರೇ, ಬೆಂಗಳೂರು ಹುಟ್ಟಿದ್ದೇ ಈ ಕಾಳಿನಿಂದಲ್ಲವೆ?" ಹೊಯ್ಸಳರ ವೀರಬಲ್ಲಾಳ ಬೇಟೆಯಲ್ಲಿ ದಾರಿ ತಪ್ಪಿದನಂತೆ; ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟು ಹಸಿವು ಕಳೆದಳಂತೆ; ಅದರಿಂದ ಬೆಂದಕಾಳೂರು ಆಯಿತಂತೆ. ಕಥೆ ಸೊಗಸಾಗಿದೆ. ಆದರೆ ಬಲ್ಲಾಳನ ಕಾಲ 12ನೆಯ ಶತಮಾನದ ಕೊನೆ. ಬೇಗೂರಿನ ನಾಗನಾಥೇಶ್ವರ ದೇವಾಲಯದಲ್ಲಿರುವ ಗಂಗರ ಕಾಲದ ವೀರಗಲ್ಲು ಸುಮಾರು 890ರದು. ಬೆಂಗಳೂರಿನ ಕಾಳಗದಲ್ಲಿ ಮಡಿದವನ ವಿಷಯ ಅದರಲ್ಲಿದೆ. ಅರಸ ಹಸಿಯುವುದಕ್ಕೆ ಮುನ್ನೂರು ವರ್ಷ ಮೊದಲೇ ಊರಿಗೆ ಆ ಹೆಸರಿದ್ದಿತು! ನಾನು ಇಷ್ಟನ್ನು ಹೇಳಿದೊಡನೆ ಶೆಟ್ಟರು, "ನಿಮ್ಮ ಕಲ್ಲಿಗಿಂತ ನಮ್ಮ ಕಾಳೇ ರುಚಿ" ಎಂದುಬಿಟ್ಟರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ರಾಯರು ಮಾತ್ರ ನಗಲಿಲ್ಲ. ಅವರ ನಾಯಿ ಸತ್ತು ಹದಿನೈದು ದಿನವಾಗಿದ್ದಿತು. ಹನ್ನೆರಡು ವರ್ಷ ಜೊತೆಗಿದ್ದ ಪ್ರಾಣಿ. ಅದನ್ನು ಹಿತ್ತಿಲ ನುಗ್ಗೆಮರದ ಬುಡದಲ್ಲಿ ಹೂಳಿಸಿ, ಮೇಲೊಂದು ಕಲ್ಲು ನೆಟ್ಟರೆ ತಪ್ಪೇ ಎಂದು ಹಿಂದಿನ ವಾರ ನನ್ನನ್ನು ಕೇಳಿದ್ದರು. "ನಾಯಿಗೂ ಸಮಾಧಿಯೇ ರಾಯರೇ?" ಎಂದು ನಾನು ನಕ್ಕುಬಿಟ್ಟಿದ್ದೆ. ಪಂಡಿತನೆಂಬ ಹೆಸರಿನವನು ನಕ್ಕದ್ದು ಅವರಿಗೆ ನಾಟಿತ್ತೆಂದು ಕಾಣುತ್ತದೆ. ಈಗ ಶೆಟ್ಟರೂ "ಇನ್ನೂ ಸೂತಕವೇ?" ಎಂದಾಗ ಅವರ ಕೈ ಕಾಯಿಯ ಮೇಲೆಯೇ ನಿಂತಿತು.

ಆಗ ನನಗೆ ಆತಕೂರಿನ ಶಾಸನ ನೆನಪಾಯಿತು. ಹಿಂದಿನ ವಾರವೇ ಏಕೆ ನೆನಪಾಗಲಿಲ್ಲವೋ ತಿಳಿಯದು. ಇಪ್ಪತ್ತು ವರ್ಷ ಅದನ್ನು ತರಗತಿಯಲ್ಲಿ ಹೇಳಿದವನು ನಾನು.

949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ಯುದ್ಧವಾಯಿತು. ಕೃಷ್ಣನ ಪಕ್ಷದಲ್ಲಿದ್ದ ಗಂಗರ ಬೂತುಗ ಚೋಳನನ್ನು ಕೊಂದ. ಮೆಚ್ಚಿದ ಕೃಷ್ಣ ಅವನಿಗೆ ಬನವಾಸಿ 12000ವೇ ಮೊದಲಾದ ನಾಡುಗಳನ್ನು ಕೊಟ್ಟ. ಬೂತುಗನ ಕೈಕೆಳಗೆ ಕಾದಿದ ಮಣಲೇರನೆಂಬ ಭಟನಿದ್ದ. ಬೇಕಾದುದನ್ನು ಬೇಡು ಎಂದು ಒಡೆಯ ಹೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಆಮೇಲೆ ಬೆಳತೂರಿನ ಪಡುವಣ ಮೊರಡಿಯಲ್ಲಿ ಆ ನಾಯಿಯನ್ನು ಒಂದು ಹೆಬ್ಬಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ 'ಒಡಸತ್ತುವು'. ಒಟ್ಟಿಗೇ ಸತ್ತವು ಎಂದರ್ಥ. ಆ ಒಂದು ಕ್ರಿಯಾಪದದಲ್ಲಿ ಕಾಳಗವೆಲ್ಲ ಮುಗಿದುಹೋಗುತ್ತದೆ. ಆತಕೂರಿನ ಚಲ್ಲೇಶ್ವರನ ಮುಂದೆ ಕಾಳಿಗಾಗಿ ಕಲ್ಲು ನಿಲ್ಲಿಸಿದರು, ಭೂಮಿಯನ್ನೂ ಬಿಟ್ಟರು. ಗುಡಿಯ ಗೊರವನು ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆಂದೂ ಬರೆಸಿದರು. ಹಂದಿಯೊಡನೆ ಸೆಣಸುವ ಕಾಳಿಯನ್ನು ಕಲ್ಲಿನ ಮೇಲೆ ಕಡೆದಿದ್ದಾರೆ. ತಾವು ಬೆಂಗಳೂರಿಗೆ ಹೋದಾಗ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ವಿಚಾರಿಸಿ; ಆ ಕಲ್ಲು ಅಲ್ಲಿ ಸೇರಿದೆ.

ನಾನು ಹೇಳಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಸಿಪ್ಪೆಯ ಸದ್ದು ಮಾತ್ರ ಕೇಳುತ್ತಿದ್ದಿತು.

"ನಾಯಿಯ ಹೆಸರು ಏನೆಂದಿರಿ?" ಎಂದರು ರಾಯರು.

"ಕಾಳಿ. ಹೋದ ವಾರ ನಾನು ನಗಬಾರದಾಗಿತ್ತು, ರಾಯರೇ."

ಅವರು ಏನೂ ಹೇಳದೆ ಮತ್ತೊಂದು ಹಿಡಿ ಕಾಯಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಶೆಟ್ಟರು ಗಂಟಲು ಸರಿಮಾಡಿಕೊಂಡು, "ಅಂಗಡಿ ಕಟ್ಟಿಸಿದಾಗ ಉಳಿದ ಚಪ್ಪಡಿಯೊಂದು ಹಿಂದೆ ಬಿದ್ದಿದೆ. ಸಂಜೆ ಆಳಿನ ಕೈಯಲ್ಲಿ ಕಳಿಸುತ್ತೇನೆ. ಅಕ್ಷರ ಬರೆಯುವುದು ಮೇಷ್ಟ್ರ ಪಾಲು" ಎಂದರು.

ಒಳಗಿನಿಂದ ಅವರೆಕಾಳಿನ ಉಪ್ಪಿಟ್ಟಿನ ಒಗ್ಗರಣೆ ಸದ್ದುಮಾಡಿತು.