ಕೋಳಿಗೂಡಿನ ಕಳ್ಳರು

ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಹೋಬಳಿ ನಾನು ಹುಟ್ಟಿ ಬೆಳೆದ ಸೀಮೆ. ಮಳೆಯನ್ನು ನಂಬಿ ರಾಗಿ, ಕಡಲೆಕಾಯಿ ಬಿತ್ತುವ ಬಯಲು. ನಡುನಡುವೆ ಗುಡ್ಡ, ಬಂಡೆ, ಕುರುಚಲು ಕಾಡು. ಇಂಥ ಕಡೆ ಹಿತ್ತಲಿನಲ್ಲಿ ಓಡಾಡುವ ನಾಲ್ಕು ಹೇಂಟೆ, ಒಂದು ಹುಂಜ ಮನೆಯ ಹೆಣ್ಣುಮಗಳ ಸ್ವಂತ ಆಸ್ತಿ. ಬೆಳೆಯ ಹಣ ಸಾಲಗಾರನ ಕೈಗೋ ಗಂಡನ ಕೈಗೋ ಹೋಗುತ್ತದೆ; ಮೊಟ್ಟೆ ಮಾರಿದ ಹಣ ಮಾತ್ರ ಅವಳ ಸೆರಗಿನ ಗಂಟಿನಲ್ಲಿ ಉಳಿಯುತ್ತದೆ. ಮಗುವಿನ ನೋಟುಪುಸ್ತಕ, ಜ್ವರದ ಮಾತ್ರೆ, ತವರಿಗೆ ಹೋಗುವ ಬಸ್ಸಿನ ಚಾರ್ಜು ಎಲ್ಲವೂ ಅದರಿಂದಲೇ ನಡೆಯಬೇಕು. ಆದ್ದರಿಂದ ಬೆಳಗಿನ ಜಾವ ಗೂಡಿನ ಮುಂದೆ ರೆಕ್ಕೆಪುಕ್ಕ ಚೆದರಿ ಬಿದ್ದಿರುವುದನ್ನು ಕಂಡಾಗ ಆ ಮನೆಯಲ್ಲಿ ಏಳುವ ಸಂಕಟವನ್ನು ಪಟ್ಟಣದ ನಾವು ಹಗುರವಾಗಿ ಕಾಣಬಾರದು.

ಸಂಕಟದ ಬೆನ್ನಿಗೇ ಸಿಟ್ಟು ಬರುತ್ತದೆ, ಸಿಟ್ಟಿಗೆ ಒಬ್ಬ ಅಪರಾಧಿ ಬೇಕು. ಕಣ್ಣಿಗೆ ಮೊದಲು ಬಿದ್ದವನೇ ಅಪರಾಧಿ. ಅದು ಸಾಮಾನ್ಯವಾಗಿ ಮುಂಗುಸಿ. ಪಂಚತಂತ್ರದ ಕಥೆ ಶ್ರೋತೃಗಳಿಗೆ ನೆನಪಿರಬಹುದು. ತೊಟ್ಟಿಲ ಮಗುವನ್ನು ಹಾವಿನಿಂದ ಕಾಪಾಡಿದ ಮುಂಗುಸಿ, ಬಾಯಿಗೆ ಮೆತ್ತಿದ ರಕ್ತದಿಂದಾಗಿ ತಾನೇ ಕೊಲೆಗಾರನೆನಿಸಿ ಪ್ರಾಣ ತೆತ್ತಿತು. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನು ಕನ್ನಡಕ್ಕೆ ತಂದ ಪಂಚತಂತ್ರದಲ್ಲಿ ಒಂದು ಪ್ರಕರಣದ ಹೆಸರೇ 'ಪರೀಕ್ಷಾ'. ಮೊದಲು ಪರೀಕ್ಷೆ, ಆಮೇಲೆ ಶಿಕ್ಷೆ ಎಂಬ ನೀತಿ ರಾಜಸಭೆಗೆ ಸಲ್ಲುವಂತೆ ಕೋಳಿಗೂಡಿಗೂ ಸಲ್ಲುತ್ತದೆ.

ಪರೀಕ್ಷೆ ಹೇಗೆ? ನಾನು ಹುಡುಗನಾಗಿದ್ದಾಗ ನೆರೆಮನೆಯ ಅಜ್ಜಿಯೊಬ್ಬರು ಇದರಲ್ಲಿ ಪಂಡಿತೆ. "ಸತ್ತ ಕೋಳಿ ಸುಳ್ಳು ಹೇಳಲ್ಲ ಕಣಪ್ಪ, ನೋಡೋರಿಗೆ ಕಣ್ಣಿರಬೇಕು" ಎನ್ನುತ್ತಿದ್ದರು. ಅವರು ಮೊದಲು ಕೇಳುತ್ತಿದ್ದ ಪ್ರಶ್ನೆ, ಕೋಳಿ ಹೋದದ್ದು ಹಗಲೋ ಇರುಳೋ ಎಂಬುದು. ಮುಂಗುಸಿ ಹಗಲಿನಲ್ಲಿ ತಿರುಗುವ ಪ್ರಾಣಿ; ಸಂಜೆಯಾದರೆ ಬಿಲ ಸೇರುತ್ತದೆ. ನಡುರಾತ್ರಿಯ ಕೊಲೆಯನ್ನು ಅದರ ತಲೆಗೆ ಕಟ್ಟುವುದು ಅನ್ಯಾಯ. ರಾತ್ರಿಯ ಕಳ್ಳರು ಕಾಡುಬೆಕ್ಕು, ಪುನುಗುಬೆಕ್ಕು, ನರಿ, ಹೆಗ್ಗಣ, ಬೀದಿನಾಯಿ. ಹಗಲಿನಲ್ಲಿ ಬಯಲಿನಿಂದ ಮರಿಗಳನ್ನು ಎತ್ತುವವು ಹದ್ದು, ಗಿಡುಗ, ಕಾಗೆ.

ಎರಡನೆಯದು, ಕಳ್ಳ ಏನನ್ನು ಬಿಟ್ಟು ಹೋಗಿದ್ದಾನೆ ಎಂಬುದು. ಕುತ್ತಿಗೆಯಲ್ಲಿ ಹಲ್ಲಿನ ಗಾಯವಿದ್ದು ಹಗಲಿನಲ್ಲಿ ಕೋಳಿ ಸತ್ತಿದ್ದರೆ ಮುಂಗುಸಿಯನ್ನು ಶಂಕಿಸಬಹುದು. ಇಡೀ ಕೋಳಿಯೇ ಮಾಯವಾಗಿ, ಪೊದೆಯ ಕಡೆಗೆ ಪುಕ್ಕದ ಜಾಡು ಹಿಡಿದಿದ್ದರೆ ಕಾಡುಬೆಕ್ಕೋ ನರಿಯೋ ಇರಬೇಕು. ಹಲವು ಕೋಳಿಗಳು ಸತ್ತು, ತಿನ್ನದೆ ಹಾಗೇ ಎಸೆದಂತೆ ಬಿದ್ದಿದ್ದರೆ ಅದು ಬಹುಮಟ್ಟಿಗೆ ನಾಯಿಗಳ ಕೆಲಸ. ಎಳೆಯ ಮರಿಗಳು ಒಂದೊಂದಾಗಿ ಕಡಿಮೆಯಾಗುತ್ತ ಗೋಡೆಯ ಬುಡದಲ್ಲಿ ಹೊಸ ಬಿಲ ಕಂಡರೆ ಹೆಗ್ಗಣ. ರಕ್ತವಿಲ್ಲ, ಪುಕ್ಕವಿಲ್ಲ, ಮೊಟ್ಟೆಯ ಚಿಪ್ಪೂ ಇಲ್ಲ ಎಂದರೆ ಹಾವು. ಅದು ಎಲ್ಲವನ್ನೂ ಇಡಿಯಾಗಿ ನುಂಗುತ್ತದೆ. ನುಂಗಿದ ಹಾವು ಗೂಡಿನಲ್ಲೇ ಉಳಿದಿರುವುದುಂಟು. ಅದು ವಿಷವಿಲ್ಲದ ಕೇರೆಹಾವೋ ನಾಗರಹಾವೋ ಕತ್ತಲಿನಲ್ಲಿ ತಿಳಿಯದು. ದೀಪವಿಲ್ಲದೆ ಗೂಡಿಗೆ ಕೈಹಾಕಬಾರದು.

ಇಷ್ಟರಿಂದಲೂ ನಿಶ್ಚಯವಾಗದಿದ್ದರೆ ಅಜ್ಜಿ ಒಲೆಯ ಬೂದಿಯನ್ನು ಜರಡಿ ಹಿಡಿದು ಗೂಡಿನ ಸುತ್ತ ತೆಳ್ಳಗೆ ಹರಡುತ್ತಿದ್ದರು. ಬೆಳಗಾಗುವುದರೊಳಗೆ ಕಳ್ಳ ತಾನೇ ರುಜು ಹಾಕಿ ಹೋಗಿರುತ್ತಿದ್ದ. ಬೆಕ್ಕಿನ ಹೆಜ್ಜೆ ದುಂಡಗೆ, ನಾಲ್ಕು ಬೆರಳು, ಉಗುರಿನ ಗುರುತಿಲ್ಲ. ನಾಯಿಯದೂ ನಾಲ್ಕೇ ಬೆರಳು, ಆದರೆ ಉಗುರು ಮೂಡಿರುತ್ತದೆ. ಮುಂಗುಸಿಯದು ಐದು ಬೆರಳು, ಉದ್ದ ಉಗುರು. ಹಾವಿನದು ಒಂದೇ ಗೆರೆ.

ಕಳ್ಳನ ಗುರುತು ಸಿಕ್ಕಿತು ಎನ್ನೋಣ. ಮುಂದೇನು? ದೊಣ್ಣೆ ಹಿಡಿದು ಹೊರಡುವುದಕ್ಕಿಂತ ಬಾಗಿಲು ನೋಡುವುದು ಲೇಸು. ಗೂಡನ್ನು ನೆಲದಿಂದ ಎತ್ತರಿಸಿ ಕಟ್ಟಬೇಕು. ಕೋಳಿಯನ್ನು ಒಳಗಿಡುವ ತೆಳು ಬಲೆ ಕಳ್ಳನನ್ನು ಹೊರಗಿಡಲಾರದು. ಅರ್ಧ ಅಂಗುಲದ ಕಣ್ಣಿನ ಗಟ್ಟಿ ತಂತಿಬಲೆ ಬೇಕು. ಸುತ್ತಲೂ ಒಂದು ಅಡಿ ಆಳಕ್ಕೆ ಅದನ್ನು ಹೂತರೆ ತೋಡಿ ನುಗ್ಗುವವರಿಗೆ ತಡೆಯಾಗುತ್ತದೆ. ಕತ್ತಲಾಗುವ ಮುಂಚೆ ಎಣಿಸಿ, ಅಗುಳಿ ಹಾಕಬೇಕು. ಮರಿಗಳನ್ನು ಮೊದಲ ಕೆಲವು ವಾರ ತಾಯಿಯೊಡನೆ ಮಂಕರಿಯ ಕೆಳಗೆ ಸಾಕಿದರೆ ಹದ್ದಿನ ಭಯ ಕಡಿಮೆ. ಹಿತ್ತಲ ಮರದಲ್ಲಿ ಕಾಜಾಣ ಗೂಡು ಕಟ್ಟಿದ್ದರೆ ಪುಣ್ಯ. ಆ ಪುಟ್ಟ ಕರಿಹಕ್ಕಿ ಹದ್ದನ್ನೂ ಕಾಗೆಯನ್ನೂ ಅಟ್ಟಿಸಿಕೊಂಡು ಹೋಗುತ್ತದೆ. ತಳಿಯ ಆಯ್ಕೆಯೂ ಒಂದು ಉಪಾಯ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಕೋಳಿಗೆ ಮೈತೂಕ ಹೆಚ್ಚು. 2005ರಲ್ಲಿ ಬಂದ ಸ್ವರ್ಣಧಾರಾ ಅದಕ್ಕಿಂತ ಹಗುರ. ಕಾಡುಬೆಕ್ಕು, ನರಿಗಳಿಂದ ಸುಲಭವಾಗಿ ತಪ್ಪಿಸಿಕೊಳ್ಳಬಲ್ಲದು.

ಇನ್ನೊಂದು ಸಂಗತಿಯನ್ನು ನಾವು ಮರೆಯುತ್ತೇವೆ. ಚೆಲ್ಲಿದ ಕಾಳಿಗೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ, ಹಾವಿಗೆ ಮುಂಗುಸಿ ಬರುತ್ತದೆ. ಕೋಳಿ ಅವುಗಳ ದಾರಿಯಲ್ಲಿ ಸಿಕ್ಕ ಬುತ್ತಿ. ಸಂಜೆ ಕಾಳು ಗುಡಿಸಿ, ಮೊಟ್ಟೆ ಎತ್ತಿ, ಗೂಡಿನ ಬಳಿಯ ಸೌದೆಯ ರಾಶಿಯನ್ನೂ ಪೊದೆಯನ್ನೂ ತೆಗೆದರೆ ಆ ಸಾಲು ಅಲ್ಲಿಯೇ ಕಡಿಯುತ್ತದೆ.

ಕೆಲವರು ಸತ್ತ ಕೋಳಿಗೆ ಬೆಳೆಯ ಔಷಧಿ ಸವರಿ ಇಡುತ್ತಾರೆ. ವಿಷಕ್ಕೆ ಪರೀಕ್ಷೆ ತಿಳಿಯದು. ಅದನ್ನು ತಿಂದು ಕಾಗೆ ಸಾಯುತ್ತದೆ, ಮನೆಯ ಕಾವಲುನಾಯಿ ಸಾಯುತ್ತದೆ. ಇಲಿಪಾಷಾಣ ತಿಂದ ಇಲಿಯನ್ನು ನುಂಗಿದ ಗೂಬೆ ಸಾಯುತ್ತದೆ. ಮುಂಗುಸಿ, ಕಾಡುಬೆಕ್ಕು, ಕೇರೆಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ, ಕೊಲ್ಲುವುದು ಶಿಕ್ಷಾರ್ಹ. ಬಣ್ಣದ ಕುಂಚಕ್ಕೆ ಬೇಕಾದ ಕೂದಲಿಗಾಗಿಯೇ ಮುಂಗುಸಿಯನ್ನು ಕದ್ದು ಬೇಟೆಯಾಡುವವರೂ ಇದ್ದಾರೆ. ಹಿತ್ತಲಿನಲ್ಲಿ ಒಂದು ಹೇಂಟೆಯನ್ನು ಕೊಂದ ಅದೇ ಜೀವಿ ಹೊಲದಲ್ಲಿ ಕಡಲೆಕಾಯಿ ತಿನ್ನುವ ಇಲಿ, ಹೆಗ್ಗಣಗಳನ್ನು ವರ್ಷವೆಲ್ಲ ಹಿಡಿಯುತ್ತದೆ. ಹೆಂಡತಿಯ ಲೆಕ್ಕದಲ್ಲಿ ನಷ್ಟ ತಂದವನು ಗಂಡನ ಲೆಕ್ಕದಲ್ಲಿ ಸಂಬಳವಿಲ್ಲದ ಆಳು. ಎರಡು ಲೆಕ್ಕಗಳನ್ನೂ ಒಟ್ಟಿಗೆ ಕೂಡಿಸಿ ನೋಡುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು.

ನಷ್ಟ ಹೆಣ್ಣುಮಗಳದು, ನಿಜ. ಅವಳಿಗೆ ಅನುಕಂಪದ ಮಾತಿಗಿಂತ ಒಂದು ಗಟ್ಟಿ ಗೂಡು ಹೆಚ್ಚು ಉಪಕಾರಿ. ಕಡಲೆಕಾಯಿ ಮಾರಿದ ಹಣದಲ್ಲಿ ಎರಡು ಗಜ ತಂತಿಬಲೆಯನ್ನೂ ಒಂದು ಅಗುಳಿಯನ್ನೂ ತಂದುಕೊಡುವ ಗಂಡಸು, ಅವಳ ಸೆರಗಿನ ಗಂಟನ್ನೂ ಕಾಯುತ್ತಾನೆ, ತನ್ನ ಹೊಲದ ಕಾವಲುಗಾರನ ಪ್ರಾಣವನ್ನೂ ಉಳಿಸುತ್ತಾನೆ.